ಅಕ್ಷರದ ಜಾಡು ಹಿಡಿದವರು

2004ರ ಸೆಪ್ಟೆಂಬರ್ 8, ಬುಧವಾರ. ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಎಂಟು ವಾರವೂ ಉಳಿದಿರಲಿಲ್ಲ. ಅಂದು ರಾತ್ರಿ ಎಂಟು ಗಂಟೆಗೆ ಸಿಬಿಎಸ್ ವಾಹಿನಿಯ '60 ಮಿನಿಟ್ಸ್' ಕಾರ್ಯಕ್ರಮದ ಬುಧವಾರದ ಆವೃತ್ತಿಯಲ್ಲಿ ಡ್ಯಾನ್ ರಾದರ್ ಕೆಲವು ಹಳೆಯ ಟಿಪ್ಪಣಿಗಳನ್ನು ತೆರೆಯ ಮೇಲೆ ತೋರಿಸಿದರು. ಅವು 1972 ಮತ್ತು 1973ರವು. ಬರೆದವರು ಲೆಫ್ಟಿನೆಂಟ್ ಕರ್ನಲ್ ಜೆರಿ ಕಿಲಿಯನ್ ಎಂದು ಕಾರ್ಯಕ್ರಮ ಹೇಳಿತು. ಟೆಕ್ಸಸ್ ಏರ್ ನ್ಯಾಷನಲ್ ಗಾರ್ಡ್‌ನಲ್ಲಿ ಜಾರ್ಜ್ ಡಬ್ಲ್ಯು. ಬುಷ್ ಪೈಲಟ್ ಆಗಿದ್ದಾಗ ಅವರ ಮೇಲಧಿಕಾರಿ ಈ ಕಿಲಿಯನ್. 1984ರಲ್ಲೇ ತೀರಿಕೊಂಡಿದ್ದರು. ವೈದ್ಯಕೀಯ ತಪಾಸಣೆಗೆ ಬಾ ಎಂಬ ಆದೇಶವನ್ನು ಬುಷ್ ಪಾಲಿಸಲಿಲ್ಲ, ಆದರೂ ಅವರ ಬಗ್ಗೆ ಒಳ್ಳೆಯ ವರದಿ ಬರೆಯುವಂತೆ ಮೇಲಿನಿಂದ ಒತ್ತಡ ಬರುತ್ತಿದೆ ಎಂಬುದು ಟಿಪ್ಪಣಿಗಳ ಸಾರ.

ಆ ಹೊತ್ತಿನಲ್ಲಿ ಇದು ಸಣ್ಣ ಆರೋಪವಾಗಿರಲಿಲ್ಲ. ಇರಾಕ್‌ನಲ್ಲಿ ಯುದ್ಧ ನಡೆಯುತ್ತಿತ್ತು. ಬುಷ್ ಎದುರಾಳಿ ಜಾನ್ ಕೆರಿ ವಿಯೆಟ್ನಾಂನಲ್ಲಿ ಹೋರಾಡಿ ಪದಕ ಪಡೆದವರು. ಆ ಪದಕಗಳೇ ಸುಳ್ಳೆಂದು ಸಾರುವ ಜಾಹೀರಾತುಗಳು ಆಗಸ್ಟ್ ತಿಂಗಳಿಡೀ ಟಿ.ವಿ.ಯಲ್ಲಿ ಬಂದಿದ್ದವು. 1968ರಲ್ಲಿ, ತಮ್ಮ ಓರಗೆಯ ಹುಡುಗರು ವಿಯೆಟ್ನಾಂಗೆ ಹೋಗುತ್ತಿದ್ದಾಗ, ಬುಷ್‌ಗೆ ಊರಿನಲ್ಲೇ ಉಳಿಯುವ ಗಾರ್ಡ್ ಕೆಲಸ ಸಿಕ್ಕಿದ್ದು ಹೇಗೆ? ತಾನೇ ಶಿಫಾರಸು ಮಾಡಿದೆ ಎಂದು ಟೆಕ್ಸಸ್ ವಿಧಾನಸಭೆಯ ಮಾಜಿ ಸ್ಪೀಕರ್ ಬೆನ್ ಬಾರ್ನ್ಸ್ ಅದೇ ಕಾರ್ಯಕ್ರಮದಲ್ಲಿ ಹೇಳಿದರು. 1972ರ ಆಗಸ್ಟ್‌ನಲ್ಲಿ ತಪಾಸಣೆಗೆ ಹಾಜರಾಗದ ಕಾರಣಕ್ಕೆ ಬುಷ್‌ರನ್ನು ಹಾರಾಟದಿಂದ ಕೆಳಗಿಳಿಸಲಾಗಿತ್ತು ಎಂಬುದು ಸರ್ಕಾರಿ ದಾಖಲೆಯಲ್ಲೇ ಇದ್ದ ಸಂಗತಿ. ಕಥೆಯ ಬೆನ್ನೆಲುಬು ಗಟ್ಟಿಯಾಗಿತ್ತು. ಹಾಳೆಗಳೇ ಸಂಶಯದವು.

ಸುದ್ದಿಯ ಹಿಂದಿದ್ದ ನಿರ್ಮಾಪಕಿ ಮೇರಿ ಮೇಪ್ಸ್ ಸಾಮಾನ್ಯರಲ್ಲ. ಅಬು ಘ್ರೈಬ್ ಸೆರೆಮನೆಯ ಚಿತ್ರಹಿಂಸೆಯ ಫೋಟೊಗಳನ್ನು ಅದೇ ವರ್ಷದ ಏಪ್ರಿಲ್‌ನಲ್ಲಿ ಜಗತ್ತಿಗೆ ತೋರಿಸಿದ್ದು ಅವರು ಮತ್ತು ರಾದರ್. ಬುಷ್ ಸೇನಾಸೇವೆಯ ಬೆನ್ನು ಹತ್ತಿದ್ದ ಅವರಿಗೆ ಗಾರ್ಡ್‌ನ ನಿವೃತ್ತ ಅಧಿಕಾರಿ ಬಿಲ್ ಬರ್ಕೆಟ್ ಸೆಪ್ಟೆಂಬರ್ 2ರಂದು ಎರಡು ಪುಟ ಕೊಟ್ಟರು, 5ರಂದು ಉಳಿದವನ್ನು. ಎಲ್ಲವೂ ಜೆರಾಕ್ಸ್ ಪ್ರತಿ. ಮೂಲ ಕಾಗದವನ್ನು ಯಾರೂ ಕಂಡಿರಲಿಲ್ಲ. ಪರೀಕ್ಷೆಗೆ ಕರೆಸಿದ ತಜ್ಞರಲ್ಲಿ ಇಬ್ಬರು ಅನುಮಾನ ವ್ಯಕ್ತಪಡಿಸಿದರು. ಇನ್ನೊಬ್ಬರು ಸಹಿಯ ಬಗ್ಗೆ ಮಾತ್ರ ಒಪ್ಪಿಗೆ ಕೊಟ್ಟರು. 8ರ ಬೆಳಿಗ್ಗೆ ಶ್ವೇತಭವನಕ್ಕೆ ಪ್ರತಿ ಕಳಿಸಿದಾಗ ಅಲ್ಲಿಂದ ತಕರಾರು ಬರಲಿಲ್ಲ. ಅವರು ಅಲ್ಲಗಳೆಯದ ಮೇಲೆ ದಾಖಲೆ ನಿಜವಿರಬೇಕು ಎಂದು ಸುದ್ದಿಮನೆ ತೀರ್ಮಾನಿಸಿತು. ಮೊದಲ ಹಾಳೆ ಕೈಗೆ ಬಂದ ಆರನೇ ದಿನಕ್ಕೆ ಸುದ್ದಿ ಪ್ರಸಾರವಾಯಿತು. ಆರು ವಾರ ತೆಗೆದುಕೊಳ್ಳಬೇಕಾಗಿದ್ದ ಕೆಲಸ ಅದು.

ಸಿಬಿಎಸ್ ಅಂದು ಇನ್ನೊಂದು ಕೆಲಸ ಮಾಡಿತು, ಮತ್ತು ಅದಕ್ಕಾಗಿ ಅದನ್ನು ಮೆಚ್ಚಲೇಬೇಕು. ಆ ಹಾಳೆಗಳ ಪ್ರತಿಗಳನ್ನು ತನ್ನ ಜಾಲತಾಣದಲ್ಲಿ ಹಾಕಿತು. ಹತ್ತು ವರ್ಷದ ಹಿಂದಾಗಿದ್ದರೆ ವೀಕ್ಷಕರಿಗೆ ಆ ಟಿಪ್ಪಣಿಗಳು ತೆರೆಯ ಮೇಲೆ ಕೆಲವೇ ಕ್ಷಣ ಕಾಣಿಸಿ ಮರೆಯಾಗುತ್ತಿದ್ದವು. ಈಗ ಅವನ್ನು ಯಾರು ಬೇಕಾದರೂ ಇಳಿಸಿಕೊಂಡು, ಹಿಗ್ಗಿಸಿ, ಮುದ್ರಿಸಿ ನೋಡಬಹುದಿತ್ತು.

ನೋಡಿದರು ಕೂಡ. ಪ್ರಸಾರವಾಗಿ ನಾಲ್ಕು ಗಂಟೆ ಕಳೆಯುವ ಮುಂಚೆ, ನಡುರಾತ್ರಿಯ ಹೊಸ್ತಿಲಲ್ಲಿ, 'ಫ್ರೀ ರಿಪಬ್ಲಿಕ್' ಎಂಬ ಬಲಪಂಥೀಯ ಚರ್ಚಾತಾಣದಲ್ಲಿ 'ಬಕ್‌ಹೆಡ್' ಎಂಬ ಹೆಸರಿನಲ್ಲಿ ಒಬ್ಬರು ಚಿಕ್ಕ ಬರಹವೊಂದನ್ನು ಹಾಕಿದರು. ಈ ಟಿಪ್ಪಣಿಗಳ ಅಕ್ಷರಗಳ ಅಗಲ ಒಂದೇ ಸಮ ಇಲ್ಲ. 1970ರ ದಶಕದ ಆರಂಭದಲ್ಲಿ ಕಚೇರಿಯ ಸಾಧಾರಣ ಟಿಪ್ಪಣಿಗಳನ್ನು ಹೀಗೆ ಟೈಪ್ ಮಾಡುತ್ತಿರಲಿಲ್ಲ. ಇವು ಕಂಪ್ಯೂಟರಿನಲ್ಲಿ ಸಿದ್ಧವಾದ ನಕಲಿಗಳು, ಇದನ್ನು ಬಿಡದೆ ಬೆನ್ನು ಹತ್ತಬೇಕು ಎಂಬುದು ಅದರ ತಾತ್ಪರ್ಯ.

ಅವರು ಹೇಳಿದ್ದೇನೆಂದು ತಿಳಿಯಲು, ಕೋರ್ಟಿನ ಆವರಣದ ಟೈಪಿಸ್ಟರು ಹಿಂದೆ ಕುಟ್ಟಿಕೊಡುತ್ತಿದ್ದ ಇಂಗ್ಲಿಷ್ ಅಫಿಡವಿಟ್ ಒಂದನ್ನು ನೆನಪಿಸಿಕೊಂಡರೆ ಸಾಕು. ಅದರಲ್ಲಿ ಸಣಕಲು 'ಐ' ಅಕ್ಷರಕ್ಕೂ ಅಗಲವಾದ 'ಡಬ್ಲ್ಯು' ಅಕ್ಷರಕ್ಕೂ ಅಷ್ಟೇ ಜಾಗ. ಒಂದು ಕೀಲಿ ಒತ್ತಿದರೆ ಗಾಡಿ ಒಂದು ಹಲ್ಲು ಸರಿಯುತ್ತದೆ, ಅಕ್ಷರ ಯಾವುದಾದರೂ ಸರಿ. ಹಾಗಾಗಿ ಟೈಪಾದ ಪುಟದಲ್ಲಿ ಅಕ್ಷರಗಳು ಮೇಲಿಂದ ಕೆಳಕ್ಕೂ ಸಾಲುಗಟ್ಟಿ ನಿಲ್ಲುತ್ತವೆ. ಪುಸ್ತಕದಲ್ಲಿ, ಕಂಪ್ಯೂಟರಿನಲ್ಲಿ ಹಾಗಲ್ಲ: 'ಐ'ಗೆ ಕಡಿಮೆ ಜಾಗ, 'ಡಬ್ಲ್ಯು'ಗೆ ಹೆಚ್ಚು. ಕಿಲಿಯನ್ ಟಿಪ್ಪಣಿಗಳು ಪುಸ್ತಕದ ಪುಟದಂತೆ ಕಾಣುತ್ತಿದ್ದವು. ಸಾಲದ್ದಕ್ಕೆ '111ನೆಯ' ಎಂಬರ್ಥದ ಇಂಗ್ಲಿಷ್ ಅಂಕಿಯ ಪಕ್ಕದ ಎರಡು ಪುಟಾಣಿ ಅಕ್ಷರಗಳು ಒಂದು ಕಡೆ ಮೇಲಕ್ಕೇರಿ ಕುಳಿತಿದ್ದವು, ವರ್ಡ್ ತಂತ್ರಾಂಶ ತಾನಾಗಿಯೇ ಏರಿಸಿ ಕೂರಿಸುವ ಹಾಗೆ.

ಮರುದಿನ ಬೆಳಿಗ್ಗೆ ಮಿನೆಸೋಟದ ವಕೀಲ ಸ್ಕಾಟ್ ಜಾನ್ಸನ್ ಈ ಅನುಮಾನವನ್ನು 'ಪವರ್ ಲೈನ್' ಬ್ಲಾಗಿನಲ್ಲಿ ಎತ್ತಿಕೊಂಡರು. '61ನೆಯ ಮಿನಿಟು' ಎಂಬರ್ಥದ ತಲೆಬರಹ. ಅವರಾಗಲಿ, ಬ್ಲಾಗ್ ನಡೆಸುತ್ತಿದ್ದ ಇನ್ನಿಬ್ಬರು ವಕೀಲ ಗೆಳೆಯರಾಗಲಿ ಟೈಪ್‌ರೈಟರ್ ಪಂಡಿತರಲ್ಲ. ಆದರೆ ಓದುಗರಲ್ಲಿ ಅಂಥವರಿದ್ದರು. ವಾಯುಪಡೆಯ ಕಚೇರಿಗಳಲ್ಲಿ ದುಡಿದವರು, ಹಳೆಯ ಯಂತ್ರಗಳನ್ನು ಬಲ್ಲವರು, ಸೇನೆಯ ಪತ್ರವ್ಯವಹಾರದ ರೀತಿ ಗೊತ್ತಿದ್ದವರು ಒಬ್ಬರ ಹಿಂದೊಬ್ಬರು ಇಮೇಲ್ ಬರೆದರು. ಜಾನ್ಸನ್ ಬಂದದ್ದನ್ನೆಲ್ಲ ಅದೇ ಬರಹದ ಕೆಳಗೆ ಸೇರಿಸುತ್ತ ಹೋದರು. ಮಧ್ಯಾಹ್ನದ ಹೊತ್ತಿಗೆ ಆ ಬರಹ ದೇಶದ ಹಲವು ಸುದ್ದಿಮನೆಗಳ ಪರದೆಯ ಮೇಲಿತ್ತು.

ಲಾಸ್ ಏಂಜಲಿಸ್‌ನ ಚಾರ್ಲ್ಸ್ ಜಾನ್ಸನ್ ಒಂದು ಕಾಲಕ್ಕೆ ಜಾಝ್ ಗಿಟಾರ್ ನುಡಿಸುತ್ತಿದ್ದವರು, ಈಗ ಜಾಲತಾಣ ವಿನ್ಯಾಸಕ, 'ಲಿಟಲ್ ಗ್ರೀನ್ ಫುಟ್‌ಬಾಲ್ಸ್' ಎಂಬ ಬ್ಲಾಗಿನ ಒಡೆಯ. ಅವರು ಮಾಡಿದ್ದು ಮಗು ಕೂಡ ಮಾಡಬಹುದಾದ ಪ್ರಯೋಗ. ವರ್ಡ್ ತೆರೆದು, ಯಾವುದನ್ನೂ ಬದಲಿಸದೆ, ಅದು ತಾನಾಗಿ ಕೊಡುವ ಟೈಮ್ಸ್ ನ್ಯೂ ರೋಮನ್ ಅಕ್ಷರದಲ್ಲಿ 1973ರ ಆಗಸ್ಟ್ 18ರ ಟಿಪ್ಪಣಿಯನ್ನು ಕುಟ್ಟಿದರು. ಪ್ರತಿ ಸಾಲೂ ಮೂಲದಲ್ಲಿ ಮುರಿದ ಜಾಗದಲ್ಲೇ ಮುರಿಯಿತು. ಎರಡು ಚಿತ್ರಗಳನ್ನು ಒಂದರ ಮೇಲೊಂದಿಟ್ಟು, ಒಂದು ಮಿನುಗಿ ಇನ್ನೊಂದಾಗುವಂತೆ ಮಾಡಿದರು. ನೋಡುವವರ ಕಣ್ಣೆದುರು ಅಕ್ಷರ ಅಕ್ಷರದ ಮೇಲೆ ಬಂದು ಕೂರುತ್ತಿತ್ತು. ಬ್ಲಾಗ್ ಲೋಕದ ಇತಿಹಾಸದಲ್ಲಿ ಇಷ್ಟು ಸರಳವಾದ, ಇಷ್ಟು ಬಲವಾದ ಪುರಾವೆ ಇನ್ನೊಂದಿಲ್ಲ.

ಬ್ಲಾಗುಗಳು ಇಲ್ಲಿಗೆ ಮುಟ್ಟಲು ಆರೇಳು ವರ್ಷ ಹಿಡಿದಿತ್ತು. ಹಾಲಿವುಡ್‌ನಲ್ಲಿ ಇದೇ ಸಿಬಿಎಸ್ ಸ್ಟುಡಿಯೊದ ಉಡುಗೊರೆ ಅಂಗಡಿಯಲ್ಲಿ ಹಿಂದೊಮ್ಮೆ ಕೆಲಸಕ್ಕಿದ್ದ ಮ್ಯಾಟ್ ಡ್ರಜ್ 1998ರ ಜನವರಿ 17ರ ರಾತ್ರಿ ಒಂದು ಸುದ್ದಿ ಸಿಡಿಸಿದರು: ಅಧ್ಯಕ್ಷ ಕ್ಲಿಂಟನ್ ಮತ್ತು ಶ್ವೇತಭವನದ ಇಂಟರ್ನ್ ಕುರಿತು ಮೈಕೇಲ್ ಇಸಿಕಾಫ್ ಬರೆದ ವರದಿಯನ್ನು 'ನ್ಯೂಸ್‌ವೀಕ್' ಕೊನೆ ಗಳಿಗೆಯಲ್ಲಿ ತಡೆಹಿಡಿದಿದೆ. ಪತ್ರಿಕೆಗಳಲ್ಲಿ ಅದು ಬಂದದ್ದು 21ರಂದು. ಆದರೆ ಡ್ರಜ್ ವರದಿ ಮಾಡಿರಲಿಲ್ಲ. ವರದಿ ಮಾಡಿದ್ದು ಇಸಿಕಾಫ್. ಅದರ ಹಿಂದಿನ ವರ್ಷವಷ್ಟೇ ಶ್ವೇತಭವನದ ಅಧಿಕಾರಿ ಸಿಡ್ನಿ ಬ್ಲೂಮೆಂತಾಲ್ ಬಗ್ಗೆ ಸುಳ್ಳು ಆಪಾದನೆ ಹಾಕಿ ಹಿಂತೆಗೆದುಕೊಂಡಿದ್ದವರೂ ಇದೇ ಡ್ರಜ್. ಹೀಗಾಗಿ ಅಂತರ್ಜಾಲದ ಸುದ್ದಿ ಎಂದರೆ ಗಾಳಿಮಾತು ಎಂಬ ಹೆಸರು ಬಹುಕಾಲ ಅಂಟಿಕೊಂಡಿತ್ತು.

2002ರ ಡಿಸೆಂಬರ್‌ನಲ್ಲಿ ಆ ಹೆಸರು ಸ್ವಲ್ಪ ತೊಳೆದುಹೋಯಿತು. ಸೆನೆಟರ್ ಸ್ಟ್ರಾಮ್ ತರ್ಮಂಡ್ ಅವರ 100ನೆಯ ಹುಟ್ಟುಹಬ್ಬದಲ್ಲಿ ರಿಪಬ್ಲಿಕನ್ ನಾಯಕ ಟ್ರೆಂಟ್ ಲಾಟ್, 1948ರಲ್ಲಿ ತರ್ಮಂಡ್ ಅಧ್ಯಕ್ಷರಾಗಿ ಆಯ್ಕೆಯಾಗಿದ್ದರೆ ದೇಶಕ್ಕೆ ಇಷ್ಟೆಲ್ಲ ತೊಂದರೆ ಬರುತ್ತಿರಲಿಲ್ಲ ಎಂಬರ್ಥದ ಮಾತಾಡಿದರು. 1948ರಲ್ಲಿ ತರ್ಮಂಡ್ ನಿಂತದ್ದು ಕರಿಯರನ್ನೂ ಬಿಳಿಯರನ್ನೂ ಬೇರೆಯಾಗಿಯೇ ಇಡಬೇಕೆಂಬ ಘೋಷಣೆಯ ಮೇಲೆ. ಸಭೆಯಲ್ಲಿ ವರದಿಗಾರರಿದ್ದರು, ಸಿ-ಸ್ಪ್ಯಾನ್ ನೇರಪ್ರಸಾರ ಮಾಡಿತ್ತು. ಬಹುಪಾಲು ಪತ್ರಿಕೆಗಳಿಗೆ ಮಾತ್ರ ಅದು ಸುದ್ದಿ ಎನಿಸಲಿಲ್ಲ. ಹಿರಿಯರ ಹುಟ್ಟುಹಬ್ಬದ ಹೊಗಳಿಕೆ ಎಂದು ಬಿಟ್ಟವು. ಎಬಿಸಿ ವಾಹಿನಿ, ವಾಷಿಂಗ್ಟನ್ ಪೋಸ್ಟ್ ಸಣ್ಣದಾಗಿ ಗಮನಿಸಿದ್ದನ್ನು ಜಾಶ್ ಮಾರ್ಷಲ್ ಅವರ 'ಟಾಕಿಂಗ್ ಪಾಯಿಂಟ್ಸ್ ಮೆಮೊ' ಮತ್ತಿತರ ಬ್ಲಾಗುಗಳು ದಿನಗಟ್ಟಲೆ ಬಿಡದೆ ಹಿಡಿದುಕೊಂಡವು, 1948ರ ಚರಿತ್ರೆಯನ್ನು ಓದುಗರ ಮುಂದೆ ಬಿಡಿಸಿಟ್ಟವು. ಡಿಸೆಂಬರ್ 20ರಂದು ಲಾಟ್ ನಾಯಕ ಸ್ಥಾನ ಬಿಟ್ಟರು. ಪತ್ರಿಕೆಯ ಚಕ್ರ ಒಂದು ದಿನ ತಿರುಗಿದರೆ ಹಿಂದಿನ ದಿನದ ಸಭೆ ಹಳತಾಗುತ್ತದೆ. ಬ್ಲಾಗಿಗೆ ಅಂಥ ಗಡಿಯಾರ ಇಲ್ಲವೆಂಬುದು ಆಗ ಮೊದಲ ಬಾರಿಗೆ ಎಲ್ಲರಿಗೂ ಕಂಡಿತು.

ಇಷ್ಟಾದರೂ 2004ರ ಸೆಪ್ಟೆಂಬರ್‌ನಲ್ಲಿ ದೊಡ್ಡ ಸುದ್ದಿಮನೆಗಳ ಧೋರಣೆ ಬದಲಾಗಿರಲಿಲ್ಲ. ಸಿಬಿಎಸ್‌ನ ಮಾಜಿ ಹಿರಿಯ ಅಧಿಕಾರಿ ಜೊನಾಥನ್ ಕ್ಲೈನ್ ಟಿ.ವಿ. ಚರ್ಚೆಯಲ್ಲಿ, '60 ಮಿನಿಟ್ಸ್'ನಲ್ಲಿ ಹಲವು ಹಂತದ ಪರಿಶೀಲನೆ ಇರುತ್ತದೆ, ಆ ಕಡೆ ಇರುವುದು ಪೈಜಾಮ ತೊಟ್ಟು ಮನೆಯ ಹಜಾರದಲ್ಲಿ ಕೂತು ಬರೆಯುವ ಒಬ್ಬ ಮನುಷ್ಯ ಎಂದುಬಿಟ್ಟರು. ಬ್ಲಾಗಿಗರು ಆ ಪೈಜಾಮವನ್ನು ಬಿರುದಿನಂತೆ ತೊಟ್ಟುಕೊಂಡರು. ನಿಜ ಹೇಳಬೇಕೆಂದರೆ ಹಲವು ಹಂತಗಳ ಪರಿಶೀಲನೆ ಎಂಬುದು ಅಮೂಲ್ಯ ವಸ್ತು. ಒಂದು ಸುದ್ದಿಯನ್ನು ಅಚ್ಚಿಗೆ ಬಿಡುವ ಮುನ್ನ ಉಪಸಂಪಾದಕ ಕೇಳುವ ನಾಲ್ಕು ಪ್ರಶ್ನೆ ಎಷ್ಟೋ ಅನ್ಯಾಯಗಳನ್ನು ತಡೆದಿದೆ. ನೋವಿನ ಸಂಗತಿ ಏನೆಂದರೆ, ಅಂದು ಆ ಹಂತಗಳು ಇದ್ದೂ ಕೆಲಸ ಮಾಡಿರಲಿಲ್ಲ.

ಸಾಮಾನ್ಯವಾಗಿ ಈ ಕಥೆ ಹೇಳುವವರು ಇಲ್ಲಿಗೆ ನಿಲ್ಲಿಸುತ್ತಾರೆ: ಬ್ಲಾಗಿಗರು ಗೆದ್ದರು, ವಾಹಿನಿ ಸೋತಿತು. ಆಮೇಲಿನ ಹತ್ತು ದಿನಗಳೇ ಹೆಚ್ಚು ಮುಖ್ಯ.

ಅಕ್ಷರದ ವಾದ ಪ್ರಬಲವಾಗಿತ್ತು, ಪೂರ್ಣವಾಗಿರಲಿಲ್ಲ. 1970ರ ದಶಕದಲ್ಲಿ ಅಂಥ ಅಕ್ಷರ ಮೂಡಿಸುವ ಯಂತ್ರವೇ ಇರಲಿಲ್ಲ ಎಂದು ಹಲವು ಬ್ಲಾಗುಗಳು ಖಡಾಖಂಡಿತವಾಗಿ ಬರೆದವು. ಅದು ತಪ್ಪು. ಐಬಿಎಂನ 'ಎಕ್ಸಿಕ್ಯೂಟಿವ್' ಟೈಪ್‌ರೈಟರ್ 1940ರ ದಶಕದಿಂದಲೇ ಅಕ್ಷರಕ್ಕೆ ತಕ್ಕ ಜಾಗ ಕೊಡುತ್ತಿತ್ತು. ಏರಿ ಕೂರುವ ಪುಟಾಣಿ ಅಕ್ಷರಗಳ ಕೀಲಿಯೂ ಕೆಲವು ಯಂತ್ರಗಳಲ್ಲಿತ್ತು. ಸಿಬಿಎಸ್ ಇದನ್ನೇ ಹಿಡಿದು ವಾದಿಸಿತು; ರಾದರ್ 10ರ ಸಂಜೆಯ ಸುದ್ದಿಯಲ್ಲಿ ತಮ್ಮ ವರದಿಯನ್ನು ಸಮರ್ಥಿಸಿಕೊಂಡರು. ವಾದ ಹೀಗೇ ತಿಂಗಳುಗಟ್ಟಲೆ ಎಳೆಯಬಹುದಿತ್ತು.

ಅದನ್ನು ಮುಗಿಸಿದ್ದು ಹಳೆಯ ಮಾದರಿಯ ಪತ್ರಿಕೆಗಳು. ವಾಷಿಂಗ್ಟನ್ ಪೋಸ್ಟ್ 10ರಂದೇ ಮುಖಪುಟದಲ್ಲಿ ಅನುಮಾನಗಳನ್ನು ವರದಿ ಮಾಡಿತು. ಡಲ್ಲಾಸ್ ಮಾರ್ನಿಂಗ್ ನ್ಯೂಸ್ ಗಾರ್ಡ್‌ನ ಹಳೆಯ ಕಡತಗಳನ್ನು ಹುಡುಕಿತು. ಒತ್ತಡ ಹೇರುತ್ತಿದ್ದಾರೆಂದು 1973ರ ಟಿಪ್ಪಣಿ ಹೆಸರಿಸಿದ್ದ ಕರ್ನಲ್ ವಾಲ್ಟರ್ ಸ್ಟಾಟ್, ಅದಕ್ಕೂ ಒಂದೂವರೆ ವರ್ಷ ಮೊದಲೇ, 1972ರ ಮಾರ್ಚ್‌ನಲ್ಲಿ ಗಾರ್ಡ್ ಬಿಟ್ಟಿದ್ದರು. ಫಾಂಟ್ ಯಾವುದೆಂಬ ಜಗಳಕ್ಕೆ ಆಸ್ಪದವೇ ಇಲ್ಲದ ಪುರಾವೆ ಇದು. ಟಿಪ್ಪಣಿಗಳ ಮೇಲಿದ್ದ ಫ್ಯಾಕ್ಸ್ ಗುರುತಿನ ಜಾಡು ಹಿಡಿದ ಪೋಸ್ಟ್, ಅವು ಟೆಕ್ಸಸ್‌ನ ಅಬಿಲೀನ್ ಊರಿನ ಕಿಂಕೋಸ್ ಜೆರಾಕ್ಸ್ ಅಂಗಡಿಯಿಂದ ಹೊರಟವು ಎಂದು ಬರೆಯಿತು. ಅಲ್ಲಿಂದ ಬರ್ಕೆಟ್ ಮನೆಗೆ 21 ಮೈಲಿ. ಲಾಸ್ ಏಂಜಲಿಸ್ ಟೈಮ್ಸ್ 'ಬಕ್‌ಹೆಡ್' ಯಾರೆಂದು ಹುಡುಕಿತು: ರಿಪಬ್ಲಿಕನ್ ಪಕ್ಷದೊಡನೆ ನಂಟಿದ್ದ ಅಟ್ಲಾಂಟಾದ ವಕೀಲ. ಬ್ಲಾಗುಗಳು ಆ ನಂಟನ್ನು ಕೇಳುವ ಗೋಜಿಗೆ ಹೋಗಿರಲಿಲ್ಲ.

ಇನ್ನೊಬ್ಬರು ಸಿಕ್ಕರು. ಕಿಲಿಯನ್ ಕಚೇರಿಯ ಕಾರ್ಯದರ್ಶಿಯಾಗಿದ್ದ ಮೇರಿಯನ್ ಕಾರ್ ನಾಕ್ಸ್, ವಯಸ್ಸು 86. ಡಲ್ಲಾಸ್ ಪತ್ರಿಕೆಗೂ ಆಮೇಲೆ ಸಿಬಿಎಸ್‌ಗೂ ಅವರು ಹೇಳಿದ್ದು ಇದು: ಈ ಟಿಪ್ಪಣಿಗಳನ್ನು ನಾನು ಟೈಪ್ ಮಾಡಿಲ್ಲ, ಇವು ನಕಲಿ ಎಂದೇ ನನ್ನ ನಂಬಿಕೆ, ಆದರೆ ಇವುಗಳಲ್ಲಿ ಇರುವ ವಿಷಯ ಕಿಲಿಯನ್ ಅಂದುಕೊಳ್ಳುತ್ತಿದ್ದುದೇ. ಒಂದೇ ಉಸಿರಿನಲ್ಲಿ ಎರಡು ಸತ್ಯ. ಆ ಗದ್ದಲದಲ್ಲಿ ಜನ ಕೇಳಿಸಿಕೊಂಡದ್ದು ಮೊದಲನೆಯದನ್ನು ಮಾತ್ರ.

ಸೆಪ್ಟೆಂಬರ್ 20ರಂದು, ಪ್ರಸಾರವಾದ ಹನ್ನೆರಡನೆಯ ದಿನ, ಸಿಬಿಎಸ್ ಕೈಚೆಲ್ಲಿತು. ದಾಖಲೆ ಎಲ್ಲಿಂದ ಬಂತೆಂಬ ಬಗ್ಗೆ ತಾನು ಸುಳ್ಳು ಹೇಳಿದ್ದೆನೆಂದು ಬರ್ಕೆಟ್ ಕ್ಯಾಮೆರಾ ಮುಂದೆ ಒಪ್ಪಿಕೊಂಡಿದ್ದರು. ಟಿಪ್ಪಣಿಗಳ ಅಸಲಿತನಕ್ಕೆ ತಾನು ಹೊಣೆ ನಿಲ್ಲಲಾರೆ ಎಂದು ವಾಹಿನಿ ಹೇಳಿತು, ರಾದರ್ ಕ್ಷಮೆ ಕೇಳಿದರು. ಮಾಜಿ ಅಟಾರ್ನಿ ಜನರಲ್ ರಿಚರ್ಡ್ ಥಾರ್ನ್‌ಬರ್ಗ್ ಮತ್ತು ಅಸೋಸಿಯೇಟೆಡ್ ಪ್ರೆಸ್‌ನ ಮಾಜಿ ಮುಖ್ಯಸ್ಥ ಲೂಯಿ ಬೊಕಾರ್ಡಿ ಅವರ ತನಿಖಾ ಸಮಿತಿ 2005ರ ಜನವರಿ 10ರಂದು 224 ಪುಟಗಳ ವರದಿ ಕೊಟ್ಟಿತು. ಸ್ಪರ್ಧೆಯ ಆತುರದಲ್ಲಿ ಮೂಲಭೂತ ಪರಿಶೀಲನೆಗಳನ್ನು ಬಿಟ್ಟುಬಿಡಲಾಯಿತು, ಆಮೇಲೆ ಕಣ್ಣುಮುಚ್ಚಿ ಸಮರ್ಥಿಸಿಕೊಳ್ಳಲಾಯಿತು ಎಂದಿತು. ಸಮಿತಿಯ ಟೈಪ್‌ರೈಟರ್ ತಜ್ಞ ಪೀಟರ್ ಟೈಟೆಲ್, ಮ್ಯಾನ್‌ಹಟನ್‌ನ ಹೆಸರಾಂತ ಟೈಪ್‌ರೈಟರ್ ರಿಪೇರಿಗಾರರೊಬ್ಬರ ಮಗ. ಟಿಪ್ಪಣಿಗಳು ಆ ಕಾಲದ ಟೈಪ್‌ರೈಟರಿನವಲ್ಲ ಎಂಬುದು ಅವರ ಅಭಿಪ್ರಾಯ. ಸಮಿತಿ ತಾನಾಗಿ ನಕಲಿ ಎಂಬ ಅಂತಿಮ ತೀರ್ಪು ಕೊಡಲಿಲ್ಲ. ಮೇಪ್ಸ್ ಕೆಲಸ ಕಳೆದುಕೊಂಡರು, ಮೂವರು ಹಿರಿಯರಿಗೆ ರಾಜೀನಾಮೆ ಕೊಡಲು ಹೇಳಲಾಯಿತು. ರಾದರ್ ಮಾರ್ಚ್ 9ರಂದು ನಿರೂಪಕನ ಕುರ್ಚಿ ಬಿಟ್ಟರು, ಅದರ ಮೇಲೆ ಕುಳಿತು ಸರಿಯಾಗಿ 24 ವರ್ಷ ತುಂಬಿದ ದಿನ. 'ಟೈಮ್' ಪತ್ರಿಕೆ ಪವರ್ ಲೈನ್ ಅನ್ನು ವರ್ಷದ ಬ್ಲಾಗ್ ಎಂದು ಕರೆದಿತ್ತು.

ಮೂಲ ಪ್ರಶ್ನೆ ಏನಾಯಿತು? ಬುಷ್ 1972ರಲ್ಲಿ ಹಾರಾಟ ಬಿಟ್ಟದ್ದೇಕೆ, ಆ ಅವಧಿಯಲ್ಲಿ ಎಲ್ಲಿದ್ದರು, ಯಾರು ಅವರ ಬೆನ್ನಿಗೆ ನಿಂತಿದ್ದರು? ಬಾಸ್ಟನ್ ಗ್ಲೋಬ್ ಪತ್ರಿಕೆ 2000ದಿಂದಲೇ ಸರ್ಕಾರಿ ಕಡತಗಳ ಆಧಾರದ ಮೇಲೆ ಇದನ್ನು ಕೇಳುತ್ತ ಬಂದಿತ್ತು. ಸೆಪ್ಟೆಂಬರ್ 20ರ ನಂತರ ಆ ಪ್ರಶ್ನೆಯನ್ನು ಮುಟ್ಟುವ ಧೈರ್ಯ ಯಾವ ಸುದ್ದಿಮನೆಗೂ ಉಳಿಯಲಿಲ್ಲ. ನಕಲಿ ಹಾಳೆ ಅಸಲಿ ಕಡತವನ್ನೂ ತನ್ನೊಂದಿಗೆ ಎಳೆದುಕೊಂಡು ಮುಳುಗಿತು. ಇದರ ಹೊಣೆಯ ದೊಡ್ಡ ಪಾಲು ಆತುರಪಟ್ಟ ವಾಹಿನಿಯದು. ಆದರೆ ಹಾಳೆ ಸುಳ್ಳೆಂದು ಸಾಧಿಸಿದವರು ಅಷ್ಟೇ ಶ್ರದ್ಧೆಯಿಂದ ಕಡತವನ್ನೂ ಓದಬಹುದಿತ್ತು, ಓದಲಿಲ್ಲ. ಒಂದು ಪಕ್ಷದ ಪರವಾಗಿ ತೆರೆದ ಕಣ್ಣಿಗೆ ಒಂದು ದಿಕ್ಕಿನ ತಪ್ಪು ಮಾತ್ರ ಕಾಣುತ್ತದೆ. ನವೆಂಬರ್ 2ರಂದು ಬುಷ್ ಮತ್ತೆ ಗೆದ್ದರು.

ಬ್ಲಾಗಿಗರ ಕಣ್ಣು ಮತ್ತು ವರದಿಗಾರರ ಕಾಲು ಒಟ್ಟಿಗೆ ಕೆಲಸ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಮೂರು ವರ್ಷ ಕಾಯಬೇಕಾಯಿತು. ಅದರ ಬೀಜ ಸ್ಯಾನ್ ಡಿಯೇಗೊದ್ದು. ಸಂಸದ ರ‍್ಯಾಂಡಿ ಕನಿಂಗ್‌ಹ್ಯಾಮ್ ತಮ್ಮ ಮನೆಯನ್ನು ರಕ್ಷಣಾ ಗುತ್ತಿಗೆದಾರನಿಗೆ ಮಾರಿದ್ದರು, ಆತ ಅದನ್ನು 7 ಲಕ್ಷ ಡಾಲರ್ ನಷ್ಟಕ್ಕೆ ಮರುಮಾರಾಟ ಮಾಡಿದ್ದ. ಕಾಪ್ಲಿ ಸಮೂಹದ ವಾಷಿಂಗ್ಟನ್ ವರದಿಗಾರ ಮಾರ್ಕಸ್ ಸ್ಟರ್ನ್ ಆಸ್ತಿ ದಾಖಲೆಗಳಲ್ಲಿ ಇದನ್ನು ಕಂಡು 2005ರ ಜೂನ್‌ನಲ್ಲಿ ಬರೆದರು. ಮಾರ್ಷಲ್ ಬ್ಲಾಗ್ ಅದನ್ನು ದೇಶದ ಸುದ್ದಿಯಾಗಿಸಿತು. ಕನಿಂಗ್‌ಹ್ಯಾಮ್ ಲಂಚ ಪಡೆದದ್ದನ್ನು ಒಪ್ಪಿಕೊಂಡು ಜೈಲಿಗೆ ಹೋದರು. ಮೊಕದ್ದಮೆ ನಡೆಸಿದ್ದು ಕ್ಯಾರಲ್ ಲ್ಯಾಮ್ ಎಂಬ ಸರ್ಕಾರಿ ವಕೀಲರ ಕಚೇರಿ.

2007ರ ಜನವರಿಯಲ್ಲಿ ಲ್ಯಾಮ್ ಅವರನ್ನು ಹುದ್ದೆಯಿಂದ ಇಳಿಯಲು ಹೇಳಿದ್ದಾರೆಂಬ ಸುದ್ದಿ ಸ್ಯಾನ್ ಡಿಯೇಗೊದ ಯೂನಿಯನ್-ಟ್ರಿಬ್ಯೂನ್ ಪತ್ರಿಕೆಯಲ್ಲಿ ಬಂತು. ಅರ್ಕನ್ಸಾದಲ್ಲೂ ಅಂಥದೇ ಒಂದು ಸ್ಥಳೀಯ ಸುದ್ದಿ. ಬೇರೆ ಬೇರೆ ಊರಿನ ಸಂಪಾದಕರಿಗೆ ಇವು ಬಿಡಿ ಸುದ್ದಿ. ಮ್ಯಾನ್‌ಹಟನ್‌ನ ಪುಟ್ಟ ಕಚೇರಿಯಲ್ಲಿ ಬೆರಳೆಣಿಕೆಯ ಜನರೊಂದಿಗೆ ಕೂತಿದ್ದ ಮಾರ್ಷಲ್‌ಗೆ ಎಲ್ಲವೂ, ಸರ್ಕಾರಿ ವಕೀಲರನ್ನು ಒಟ್ಟಾಗಿ ಹೊರಹಾಕುವ ಒಂದೇ ದಾರದ ಮಣಿಗಳಾಗಿ ಕಂಡವು. ಇಲ್ಲದ ಪಿತೂರಿಯನ್ನು ಮಾರ್ಷಲ್ ಕಾಣುತ್ತಿದ್ದಾರೆ ಎಂದು 'ಟೈಮ್'ನ ವಾಷಿಂಗ್ಟನ್ ಮುಖ್ಯಸ್ಥ ಜೇ ಕಾರ್ನಿ ಬರೆದರು. ಮಾರ್ಚ್‌ನಲ್ಲಿ ತಾನೇ ತಪ್ಪಿದ್ದೆ ಎಂದು ಬಹಿರಂಗವಾಗಿ ಒಪ್ಪಿಕೊಂಡರು. ಆ ತಿಂಗಳು ನ್ಯಾಯಾಂಗ ಇಲಾಖೆ ರಾತ್ರಿ ಹೊತ್ತು ಈ ವಜಾಗಳಿಗೆ ಸಂಬಂಧಿಸಿದ ಸುಮಾರು 3,000 ಪುಟಗಳನ್ನು ಬಿಡುಗಡೆ ಮಾಡಿದಾಗ ಮಾರ್ಷಲ್ ತಂಡ ಓದುಗರನ್ನೇ ಕರೆಯಿತು. ಅವರು ಪುಟಗಳನ್ನು ಹಂಚಿಕೊಂಡು ಓದಿದರು. ಒಬ್ಬ ಓದುಗನ ಕಣ್ಣಿಗೆ ಬಿದ್ದದ್ದು ಪುಟಗಳಲ್ಲಿ ಇಲ್ಲದ ಸಂಗತಿ: ಸರ್ಕಾರಿ ವಕೀಲರನ್ನು ತೆಗೆದುಹಾಕಿದ 2006ರ ಡಿಸೆಂಬರ್ 7ಕ್ಕೆ ಸ್ವಲ್ಪ ಮುಂಚಿನ 18 ದಿನಗಳ ಇಮೇಲ್‌ಗಳು ಹೆಚ್ಚುಕಡಿಮೆ ಇರಲೇ ಇಲ್ಲ. ಆಗಸ್ಟ್‌ನಲ್ಲಿ ಆ ಇಲಾಖೆಯ ಮುಖ್ಯಸ್ಥ, ಅಟಾರ್ನಿ ಜನರಲ್ ಆಲ್ಬರ್ಟೊ ಗೊನ್ಸಾಲೆಸ್ ರಾಜೀನಾಮೆ ಘೋಷಿಸಿದರು. ಮರುವರ್ಷ ಮಾರ್ಷಲ್‌ಗೆ ಜಾರ್ಜ್ ಪೋಕ್ ಪ್ರಶಸ್ತಿ ಬಂತು. ಬ್ಲಾಗಿಗರೊಬ್ಬರಿಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು.

ಆದರೆ ಆ ದಾರದ ಮೊದಲ ಮಣಿ ಕೊಟ್ಟವರ ಗತಿ ಬೇರೆಯಾಯಿತು. ವರ್ಗೀಕೃತ ಜಾಹೀರಾತುಗಳು ಅಂತರ್ಜಾಲದ ಪಾಲಾಗಿ ಪತ್ರಿಕೆಗಳ ಆದಾಯ ಕುಸಿಯಿತು. ಪುಲಿಟ್ಜರ್ ಗೆದ್ದಿದ್ದ ಕಾಪ್ಲಿಯ ವಾಷಿಂಗ್ಟನ್ ಕಚೇರಿ 2008ರಲ್ಲಿ ಮುಚ್ಚಿತು. ಡೆನ್ವರ್‌ನ ರಾಕಿ ಮೌಂಟನ್ ನ್ಯೂಸ್ 2009ರ ಫೆಬ್ರುವರಿ 27ರಂದು ಕೊನೆಯ ಸಂಚಿಕೆ ತಂದಿತು; ಮೂರು ವಾರದೊಳಗೆ ಸಿಯಾಟಲ್‌ನ ಪೋಸ್ಟ್-ಇಂಟೆಲಿಜೆನ್ಸರ್ ಮುದ್ರಣ ನಿಲ್ಲಿಸಿ ಜಾಲತಾಣ ಮಾತ್ರವಾಯಿತು. ಅಮೆರಿಕದ ದಿನಪತ್ರಿಕೆಗಳ ಸುದ್ದಿಮನೆಗಳಲ್ಲಿ 2007ರಲ್ಲಿ ಸುಮಾರು 55,000 ಪತ್ರಕರ್ತರಿದ್ದರು, 2010ರ ಹೊತ್ತಿಗೆ ಸುಮಾರು 41,500. ಆಸ್ತಿ ದಾಖಲೆ ತಿರುವಿ ಹಾಕಲು ಸಂಬಳ ಪಡೆಯುತ್ತಿದ್ದವರೂ ಈ ಲೆಕ್ಕದೊಳಗೆ ಇದ್ದರು.

ಸ್ಟರ್ನ್ ಅಂತರ್ಜಾಲದಲ್ಲೇ ಹುಟ್ಟಿದ 'ಪ್ರೋಪಬ್ಲಿಕಾ' ಎಂಬ ಸಂಸ್ಥೆ ಸೇರಿದರು. ಅದು ಜಾಹೀರಾತನ್ನು ನೆಚ್ಚಿರಲಿಲ್ಲ, ದಾನದ ಹಣದಲ್ಲಿ ತನಿಖಾ ವರದಿಗಾರರಿಗೆ ಸಂಬಳ ಕೊಡುತ್ತಿತ್ತು. ಕತ್ರಿನಾ ಚಂಡಮಾರುತದ ವೇಳೆ ನ್ಯೂ ಆರ್ಲಿಯನ್ಸ್‌ನ ಆಸ್ಪತ್ರೆಯೊಂದರಲ್ಲಿ ರೋಗಿಗಳು ಸತ್ತದ್ದು ಹೇಗೆಂದು ಆ ಸಂಸ್ಥೆಯ ಶೆರಿ ಫಿಂಕ್ ಎರಡು ವರ್ಷಕ್ಕೂ ಮೀರಿ ಹುಡುಕಾಡಿ ಬರೆದರು. ಆ ವರದಿ ಪ್ರೋಪಬ್ಲಿಕಾದಲ್ಲೂ ನ್ಯೂಯಾರ್ಕ್ ಟೈಮ್ಸ್‌ನ ಮ್ಯಾಗಜೀನಿನಲ್ಲೂ ಪ್ರಕಟವಾಗಿ, 2010ರಲ್ಲಿ ಆನ್‌ಲೈನ್ ಸುದ್ದಿಸಂಸ್ಥೆಯೊಂದಕ್ಕೆ ಮೊದಲ ಪುಲಿಟ್ಜರ್ ತಂದಿತು.